ಕೆನ್ನೆಯ ಅಚ್ಚು

ಹಲ್ಲಿನ ಅಚ್ಚು ತೆಗೆಯುವುದು ನನ್ನ ಕಸುಬು.
ಸರಸ್ವತಿಪುರದ ಒಂದು ಹಿಂಗೋಣೆಯಲ್ಲಿ
ಇಪ್ಪತ್ತಾರು ವರ್ಷ ಊರವರ ದವಡೆಗಳ ಜೊತೆ ಕೂತಿದ್ದೇನೆ.
ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ,
ಯಾರು ಎಡಗಡೆಯಲ್ಲೇ ಅಗಿಯುತ್ತಾರೆ,
ಅಚ್ಚು ಹೇಳಿಬಿಡುತ್ತದೆ. ನಾನು ಯಾರಿಗೂ ಹೇಳುವುದಿಲ್ಲ.

ಈ ಪಾಯಿಂಟ್ ಟೂ ಟೂ ರೈಫಲ್ಲು ಮಾತ್ರ
ಬೇರೆಯವರ ಅಳತೆಯದು.
ಸೋದರಮಾವ ಚೆಲುವರಾಜಯ್ಯ ಆರಡಿ ಆಳು,
ಕೈ ಉದ್ದ, ಕತ್ತು ಉದ್ದ, ಮಾತು ಗಿಡ್ಡ.
ಲೈಸೆನ್ಸು ನನ್ನ ಹೆಸರಿಗಾಗಲು ಹದಿನಾಲ್ಕು ತಿಂಗಳು.
ಆದ ಮೇಲೆ ಹೆಗಲಿಗೇರಿಸಿದರೆ
ಮರ ಕಂಕುಳಿಗೆ ಸಿಕ್ಕುತ್ತದೆ, ಕಣ್ಣು ಗುರಿಗೆ ನಿಲುಕುವುದಿಲ್ಲ.
ನಡುವಿಗಲ್ಲ, ಅಂಚಿಗೆ ಪೆಟ್ಟು ಬಿದ್ದರೆ
ಹೊತ್ತಿಕೊಳ್ಳುವ ಕಿರುಬೆರಳಿನಷ್ಟು ತೋಟಾ
(ನಮ್ಮ ಮನೆಯವರೆಲ್ಲ ಹಾಗೇ),
ಐವತ್ತು ಮೀಟರಿನಾಚೆ ಕಾಗದದ ಕಪ್ಪು ಚಂದ್ರ
ನನ್ನ ಉಸಿರಿಗೆ ತಕ್ಕಂತೆ ಕುಣಿಯುತ್ತದೆ.
ಮಾವನ ಷರಟು ತೊಟ್ಟು ಮದುವೆಗೆ ಹೋದ ಹಾಗೆ
ಎರಡು ವರ್ಷ ಕ್ಲಬ್ಬಿಗೆ ಹೋದೆ.

ಒಂದು ಭಾನುವಾರ, ಬಿಸಿನೀರಿನಲ್ಲಿ
ಗುಲಾಬಿ ಮೇಣ ಮೆತ್ತಗೆ ಮಾಡಿ
ಮರದ ಮೇಲೆ ಹೊದಿಸಿ, ಕಣ್ಣು ಮುಚ್ಚಿ, ಕೆನ್ನೆ ಇಟ್ಟೆ.
ತಲೆದಿಂಬಿಗೆ ಇಡುವ ಹಾಗಲ್ಲ,
ಗೋಡೆಗೆ ಕಿವಿಯಾನಿಸಿ ಪಕ್ಕದ ಮನೆಯ ಜಗಳ ಕೇಳುವ ಹಾಗೆ.
ಎತ್ತಿದಾಗ ಅಲ್ಲಿತ್ತು:
ಮೂಳೆಯ ಏರು, ಕೀಳಿಸಿದ ದವಡೆಹಲ್ಲಿನ ತಗ್ಗು.
ಇಷ್ಟು ಜನರ ಬಾಯಿ ಕಂಡವಳು
ನನ್ನ ಮುಖದ ಭಾರ ಕಂಡದ್ದು ಅಂದೇ.

ಮಂಡಿ ಮೊಹಲ್ಲಾದಲ್ಲಿ ಮುನವ್ವರ್ ಸಾಹೇಬರ ಕಾರ್ಖಾನೆ.
ಬೀಟೆಯ ಹಲಗೆಯೊಳಗೆ ಬಣ್ಣದ ಮರದ ಆನೆ
ಕೂರಿಸಿ ಕೂರಿಸಿ ಅವರ ಉಗುರೂ ಬೀಟೆ.
ಮೇಣವನ್ನು ಬೆಳಕಿಗೆ ಹಿಡಿದು
"ಯಾರ ಬಾಯಮ್ಮ ಇದು?"
"ಕೆನ್ನೆ ಸಾಹೇಬರೇ. ನಂದೇ."
ಬೀಟೆ ಬೇಡ, ಕೈ ಸೋಲತ್ತೆ ಅಂದರು.
ಶಿವನೆ ತಗೊಳ್ಳಿ, ಹಗುರ,
ಮಳೆಗಾಲಕ್ಕೂ ಬೇಸಿಗೆಗೂ ಮಾತು ಬದಲಿಸಲ್ಲ.
"ಒಂದು ಪುಟ್ಟ ಆನೆ ಕೂರಿಸಲಾ?"
"ಆನೆ ಬೇಡಿ."

ಅವರು ಒರಟು ಇಳಿಸಿದರು, ನಯ ನನ್ನ ಪಾಲು.
ಕಬ್ಬಿಣಕ್ಕೆ ದೀಪದ ಕಾಡಿಗೆ ಸವರಿ ಮರಕ್ಕೆ ಒತ್ತುವುದು,
ಕಪ್ಪು ಅಂಟಿದಲ್ಲಿ ಉಳಿಯಿಂದ ಒಂದು ಎಳೆ ಕೆರೆಯುವುದು,
ಮತ್ತೆ ಒತ್ತುವುದು.
ಹಲ್ಲಿಗೂ ಇದೇ: ನೀಲಿ ಕಾಗದ ಕಚ್ಚಿಸಿ
ಎತ್ತರವಿದ್ದಲ್ಲಿ ಉಜ್ಜುವುದು.
"ಈಗ ಕಚ್ಚಿ. ಈಗ?"
ರೈಫಲ್ಲು ಬಾಯಿಬಿಟ್ಟು ಹೇಳದು, ಅಷ್ಟೇ.

ಅಷ್ಟರಲ್ಲಿ ಚುನಾವಣೆ ಬಂತು.
ಅರ್ಧ ಕೂತ ಕಬ್ಬಿಣ ಬಿಚ್ಚಿ, ಹಳೇ ಮರಕ್ಕೇ ಜೋಡಿಸಿ
ಠಾಣೆಗೆ ಒಪ್ಪಿಸಿ ಬಂದೆ.
ರಸೀತಿಯಲ್ಲಿ ರೈಟರು ಬರೆದರು: ಹಳೆಯದು, ಒಂದು.

ಎರಡು ತಿಂಗಳು ಬರೀ ಮರವನ್ನು ಹೆಗಲಿಗಿಟ್ಟು
ತಾರಸಿಯಲ್ಲಿ ನಿಂತೆ. ನಳಿಗೆಯಿಲ್ಲ, ಕುದುರೆಯಿಲ್ಲ.
ಎದುರಿಗೆ ನೀರಿನ ಟ್ಯಾಂಕು, ಒಣಹಾಕಿದ ಸಂಡಿಗೆ.
"ಏನ್ ತಾಯಿ, ವೀಣೆಯಾ?" ಕೆಳಮನೆಯ ಪುಟ್ಟತಾಯಮ್ಮ.
"ಹ್ಞೂಂ, ಕಲೀತಿದೀನಿ."
ಉಸಿರೆಳೆದು, ಅರ್ಧ ಬಿಟ್ಟು, ತಡೆದೆ.
ಅಲುಗದಿರುವುದನ್ನು ಕಲಿತದ್ದು ಆಗಲೇ,
ಸಿಡಿಯುವಂಥದ್ದು ಏನೂ ಇಲ್ಲದಿದ್ದಾಗ.

ಕಬ್ಬಿಣ ವಾಪಸು ಬಂತು, ಮೂಲೆಯಲ್ಲಿ ಚೂರು ತುಕ್ಕು.
ಸ್ಕ್ರೂ ಬಿಗಿಯಲು ತಳದ ರಬ್ಬರು ತೆಗೆದರೆ
ಯಾರಿಗೂ ಕಾಣದ ಜಾಗದಲ್ಲಿ
ಬೀಟೆಯದೊಂದು ಇರುವೆ. ಆರೂ ಕಾಲು.
ಫೋನು ಮಾಡಿದೆ.
"ಆನೆ ಬೇಡ ಅಂದ್ರಲ್ಲಮ್ಮ," ಅಂದರು ಸಾಹೇಬರು.

ಮಾವನ ಮರ ಬೀರುವಿನ ಮೇಲಿದೆ.
ಅವನ ಕೆನ್ನೆ ಸವೆಸಿದ ಕಡೆ ಪಾಲಿಶು ಇಲ್ಲ.
ಅದರದ್ದೂ ಒಂದು ಅಚ್ಚು ತೆಗೆದು
ರೋಗಿಗಳ ಅಚ್ಚುಗಳ ಸಾಲಿನಲ್ಲೇ ಇಟ್ಟಿದ್ದೇನೆ,
ಹೆಸರಿನ ಚೀಟಿ ಅಂಟಿಸಿ.

ಕ್ಲಬ್ಬಿನಲ್ಲಿ ಮೊದಲ ಗುಂಡು ಏಳನೇ ಸುತ್ತಿಗೆ ಬಿತ್ತು.
ಎರಡನೆಯದೂ ಏಳಕ್ಕೇ, ಅದರ ಮಗ್ಗುಲಲ್ಲೇ.
ಕೆನ್ನೆ ಮಾತ್ರ ಎಲ್ಲಿರಬೇಕೋ ಅಲ್ಲಿತ್ತು.
ಉಳಿದದ್ದು ಮುಂದಿನ ಭಾನುವಾರ.