ಒಂದುಸಿರು ಹೆಚ್ಚು

ಸವಳಂಗ ರಸ್ತೆಯ ಶೆಡ್ಡಿಗೆ ಆ ಕಡುನೀಲಿ ಕಾರು
ಮೂರು ವರ್ಷದ ಮೇಲೆ ಮತ್ತೆ ಬಂತು.
ಕೋಟಿಂಗ್ ಸತ್ತಿದೆ ಅಂದರು ಓನರ್ರು.
ನಿಜ. ನೀರು ಮಣಿಯಾಗಿ ಉರುಳುವುದಿಲ್ಲ,
ಒದ್ದೆ ಬಟ್ಟೆಯ ಹಾಗೆ ಬಾನೆಟ್ಟಿಗಂಟಿ ಬಿದ್ದಿರುತ್ತದೆ.

ಟ್ಯೂಬ್‌ಲೈಟ್ ಓರೆಯಾಗಿ ಹಿಡಿದೆ.
ಬಲಬಾಗಿಲ ಹಿಡಿಯ ಕೆಳಗೆ
ಹೆಬ್ಬೆಟ್ಟಿನಗಲ ಒಂದು ಮಸುಕು,
ಒರೆಸಲು ತಡವಾಗಿ ಗಟ್ಟಿಯಾದದ್ದು.
ಆ ಬಾಗಿಲು ಮುಖ್ತಾರ್ ಭಾಯ್ ಹಚ್ಚಿದ್ದು.

"ಹಚ್ಚೋದು ಯಾರಾದ್ರೂ ಹಚ್ತಾರೆ ಕಣೋ,
ಕಾಮನಬಿಲ್ಲು ಎದ್ದ ಕೂಡ್ಲೆ ಒರೆಸ್ಬೇಕು.
ಒಂದುಸಿರು ಹೆಚ್ಚಾಯ್ತೋ, ಅದು ಕಲ್ಲು."
ಹೀಗೆನ್ನುತ್ತ ನನ್ನ ಮಣಿಕಟ್ಟಿಗೆ ಹೊಡೆದವರು
ಕೆಮ್ಮಲು ಆಚೆ ತಿರುಗಿರಬೇಕು, ಅಷ್ಟೇ.

ಈಗ ಗೋಪಿ ಸರ್ಕಲ್ಲಿನಾಚೆ ಎಳನೀರು ಕೊಚ್ಚುತ್ತಾರೆ.
ಈ ವಾಸನೆಯನ್ನು ಡಾಕ್ಟರು ಬಿಡಿಸಿದರು.

ತೊಳೆದರೆ ಹೋಗುವಂಥದ್ದಲ್ಲ ಇದು. ತೇಯಬೇಕು.
ಪ್ಯಾಡಿಗೆ ಕಾಂಪೌಂಡು ನಾಲ್ಕು ಹನಿ ಬಿಟ್ಟು
ಬಾನೆಟ್ಟು, ಡಿಕ್ಕಿ, ಮೂರು ಬಾಗಿಲು ಮುಗಿಸಿದೆ.
ನಾಲ್ಕನೆಯದರ ಮುಂದೆ ಕೂತು ಚಾ ಕುಡಿದೆ,
ಲೋಟ ಖಾಲಿಯಾದ ಮೇಲೂ.

ಆಮೇಲೆ ಅದನ್ನೂ ತೇಯ್ದೆ.
ಹೊಸದು ಹಚ್ಚಿದೆ, ಬಣ್ಣ ಎದ್ದಿತು, ಒರೆಸಿದೆ.

ಒಂದು ವಾರ ನೀರು ಸೋಕಿಸಬೇಡಿ ಅಂದೆ.
ಓನರ್ರು ಕತ್ತೆತ್ತಿ ಮೋಡ ನೋಡಿದರು,
ನನ್ನನ್ನು ನೋಡಿದರು, ನಕ್ಕರು.