ತಕ್ಕದ್ದು

ವಿಧೇಯಕ ಬಂದದ್ದು ಮಂಗಳವಾರ, ಊಟದ ಹೊತ್ತಿಗೆ.
ದೆಹಲಿಯ ಮೊಹರು, ಅರವತ್ತೆರಡು ಪುಟ,
ಮೇಲೊಂದು ಚೀಟಿ: ಗೋಪ್ಯ.
ಶುಕ್ರವಾರದೊಳಗೆ ಕನ್ನಡ ಪಾಠ ಕಳಿಸತಕ್ಕದ್ದು.
ನಾನು ಉದ್ದಿನವಡೆ ತಿನ್ನುತ್ತಿದ್ದೆ.
ಮೊದಲ ಪುಟಕ್ಕೇ ಎಣ್ಣೆ ತಗುಲಿತು.

ಇಪ್ಪತ್ತೊಂಬತ್ತು ವರ್ಷ ಇದೇ ಕುರ್ಚಿ.
ಕುರಿ ಸಾಕಣೆ, ಕಲ್ಲುಗಣಿ, ಜನನ ಮರಣ ನೋಂದಣಿ,
ಎಲ್ಲ ಕಾನೂನೂ ನನ್ನ ಪೆನ್ನಿನಡಿ ನುಸುಳಿ
ಕುಂಟುತ್ತಲಾದರೂ ಕನ್ನಡವಾಗಿವೆ.
ಇದು ಬೇರೆ: ಹೊರನಾಡು, ಗೂಢಚರ್ಯೆ,
ಕದ್ದು ಕೇಳುವ ಯಂತ್ರಗಳ ರಫ್ತು.
"ಬೇಹು ಅಂದ್ರೆ ಸಾಲ್ದಾ ಮೇಡಂ?"
ಟೈಪು ಮಾಡುತ್ತಲೇ ಕೇಳಿದ ಪುಟ್ಟನಂಜಯ್ಯ.
ಬೇಹು ಅರಮನೆ ಕಾಲದ್ದು ಕಣಯ್ಯ,
ಅದಕ್ಕೆ ಕಾಲಿದೆ, ಕೆಮ್ಮು ಇದೆ,
ಕಂಬಳಿ ಹೊದ್ದು ಬಾಗಿಲ ಸಂದಿಯಲ್ಲಿ ನಿಲ್ಲುತ್ತದೆ.
"ಗುಪ್ತವಾರ್ತೆ" ಎಂದು ಬರೆದೆ.
ಯಾರಿಗೂ ನೋಯದ ಶಬ್ದ.

ಒಂಬತ್ತನೆಯ ಪ್ರಕರಣ:
ಹೊರದೇಶದಲ್ಲಿ ಮನುಷ್ಯರಿಗಾದ ಹಾನಿಯ ಮಾಹಿತಿ
ಆ ದೇಶದೊಡನಿರುವ ಸ್ನೇಹಕ್ಕೆ ಧಕ್ಕೆ ತರುವಂತಿದ್ದರೆ
ಅದನ್ನು ಬಹಿರಂಗಪಡಿಸತಕ್ಕದ್ದಲ್ಲ.
ಸ್ನೇಹ. ನಿಘಂಟು ತೆಗೆದೆ, ಅಭ್ಯಾಸಬಲ.
ಮೊದಲ ಅರ್ಥ ಗೆಳೆತನ. ಎರಡನೆಯದು ಎಣ್ಣೆ, ಜಿಡ್ಡು.
ವಡೆಯ ಕಲೆ ಅಷ್ಟರಲ್ಲಿ
ಪುಟದಿಂದ ಪುಟಕ್ಕೆ ಇಳಿದು
ಒಂಬತ್ತನೆಯ ಪ್ರಕರಣ ಮುಟ್ಟಿತ್ತು.

ಲಿಂಗರಾಜಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ
ಹಬ್ತೋಮ್ ಇದ್ದಾನೆ, ಔಷಧ ಓದುವ ಹುಡುಗ, ಕಡಲಾಚೆಯವನು.
ಕರೆಂಟು ಹೋದರೆ ಇಬ್ಬರೂ ಮೆಟ್ಟಿಲ ಮೇಲೆ ಕೂರುತ್ತೇವೆ.
ಅವನ ಅಣ್ಣನನ್ನು ಒಯ್ದು ಎರಡು ವರ್ಷ.
ಫೋನಿನಲ್ಲಿ ಅಮ್ಮನಿಗೆ ಹೇಳಿದ್ದನ್ನೆಲ್ಲ
ಅಲ್ಲಿ ಅವನಿಗೇ ಓದಿ ಹೇಳಿದರಂತೆ,
ಉಪ್ಪು ಕಡಿಮೆ ತಿನ್ನು ಅಂದಿದ್ದನ್ನೂ ಬಿಡದೆ.
ಜೊತೆಗಿದ್ದು ಬಿಟ್ಟು ಬಂದವನೊಬ್ಬ ಕಂಡದ್ದು:
ಮೇಜಿನ ಮೇಲೆ ಬೂದು ಬಣ್ಣದ ಪೆಟ್ಟಿಗೆ,
ಬೆನ್ನಿಗೆ ಅಂಟಿಸಿದ ವಿಳಾಸ,
ಪೀಣ್ಯ, ಎರಡನೇ ಹಂತ, ಬೆಂಗಳೂರು.

"ನಾನು ಹೋದೆ ಆಂಟಿ, ಪೀಣ್ಯ. ಬಸ್ ಎರಡು ಬದಲಿ.
ಬೈಯಬೇಕು ಅಂತ ಹೋದೆ.
ಶಿಫ್ಟ್ ಬಿಟ್ಟಿತು, ಹೆಂಗಸರು ಬಂದರು,
ಡಬ್ಬಿ ಹಿಡಿದು, ಹೂವು ಮುಡಿದು.
ಬಸ್ಸಲ್ಲಿ ಒಬ್ಬರು ಸರಿದು ಕೂತು
ನನಗೆ ಜಾಗ ಕೊಟ್ಟರು.
ಕೂತೆ. ಏನು ಮಾಡಲಿ?"

ಆಮೇಲೆ ಕೇಳಿದ, ನೀವು ಈಗ ಯಾವ ಕಾನೂನು ಬರೀತಿದೀರಿ?
ಕುರಿಗಳದ್ದು, ಅಂದೆ.
ನಕ್ಕ. ಅವರ ಊರಲ್ಲೂ ಕುರಿ ಬಹಳವಂತೆ.

ರಾತ್ರಿ ಹದಿನಾಲ್ಕನೆಯದು:
ಸರ್ಕಾರಕ್ಕೆ ಮನದಟ್ಟಾದಲ್ಲಿ
ಯಾವುದೇ ಯಂತ್ರಕ್ಕೆ ವಿನಾಯಿತಿ ನೀಡಬಹುದು.
ಇಪ್ಪತ್ಮೂರು:
ಸದ್ಭಾವನೆಯಿಂದ ಮಾಡಿದ ಯಾವುದೇ ಕಾರ್ಯಕ್ಕಾಗಿ
ಯಾರ ಮೇಲೂ ದಾವೆ ಹೂಡತಕ್ಕದ್ದಲ್ಲ.

ತಕ್ಕದ್ದು, ತಕ್ಕದ್ದಲ್ಲ.
ಇಂಗ್ಲಿಷಿನಲ್ಲಿ ಅದು ಬರೀ ಅಪ್ಪಣೆ.
ನಮ್ಮಮ್ಮ ಶಿವಾಜಿನಗರದಲ್ಲಿ ರವಿಕೆ ಹೊಲಿಯುತ್ತಿದ್ದಳು,
ಬಾಯಲ್ಲಿ ಗುಂಡುಸೂಜಿ, ಕತ್ತಿನಲ್ಲಿ ಜಪಸರದ ಪಕ್ಕ ಅಳತೆಪಟ್ಟಿ.
ಮೈಗೆ ತಕ್ಕದ್ದು ಅನ್ನಬೇಕಾದರೆ
ಯಾರ ಮೈ ಅಂತ ಮೊದಲು ಗೊತ್ತಿರಬೇಕು ಮಗಳೇ,
ಅನ್ನುತ್ತಿದ್ದಳು, ಸೂಜಿಗಳ ನಡುವಿನಿಂದ.

ಬುಧವಾರ ಒಂದು ಟಿಪ್ಪಣಿ ಕಳಿಸಿದೆ:
ಒಂಬತ್ತನೆಯ ಪ್ರಕರಣದ "ಸ್ನೇಹ" ಪದಕ್ಕೆ
ಸ್ಪಷ್ಟೀಕರಣ ಕೋರಿದೆ.
ಇಪ್ಪತ್ತೊಂಬತ್ತು ವರ್ಷದಲ್ಲಿ ನಾನೆಸೆದ ಕಲ್ಲು ಅದೊಂದೇ,
ಅದೂ ಹರಳಿನಷ್ಟು.
ಗುರುವಾರ ಬೆಳಿಗ್ಗೆಯೇ ಉತ್ತರ:
ಯಥಾವತ್ತಾಗಿ ಅನುವಾದಿಸತಕ್ಕದ್ದು.
ಅನುವಾದಿಸಿದೆ.
ಪುಟ್ಟನಂಜಯ್ಯ ಅಚ್ಚು ತೆಗೆದ, ಹೊಸ ಹಾಳೆ, ಕಲೆಯಿಲ್ಲ.
ಶುಕ್ರವಾರ ಮೂರೂವರೆಗೆ ಸಹಿ ಹಾಕಿದೆ:
ಫಿಲೋಮಿನಾ ಎಸ್., ಹಿರಿಯ ಭಾಷಾಂತರಕಾರರು.

ಸಂಜೆ ಮತ್ತೆ ಕರೆಂಟಿಲ್ಲ.
ಹಬ್ತೋಮ್ ಮೊಂಬತ್ತಿ ಹಿಡಿದು ಇಳಿದು ಬಂದ,
ಒಂದು ಮೆಟ್ಟಿಲು ಕೆಳಗೆ ಕೂತ.
ಫೋನನ್ನು ಮಾತ್ರ ಮೇಲೆ, ದಿಂಬಿನಡಿ ಬಿಟ್ಟು ಬರುತ್ತಾನೆ,
ಯಾವಾಗಲೂ.
"ಆಂಟಿ, ಕುರಿಗಳ ಕೆಲಸ ಮುಗಿಯಿತಾ?"

ಮುಗಿಯಿತು ಕಣಪ್ಪಾ.