ಮೇಲಂಚು ಮೂರಿಂಚು

ನನ್ನ ಕೆಲಸ ಅಂಚು ಅಳೆಯುವುದು.
ಮೇಲೆ ಮೂರಿಂಚು ಬಿಳಿ, ಬದಿಗಳಲ್ಲಿ ಒಂದೊಂದು;
ನೋಟರಿಯ ಮೊಹರು ಕಣ್ಣಿಗೆ ನಿಲುಕಬೇಕು,
ಶುಲ್ಕ ಚುಕ್ತಾ ಆಗಿರಬೇಕು.
ನಿಜವೋ ಸುಳ್ಳೋ ಎಂದು ಕೇಳುವ ಕಿಟಕಿ
ಬಾಲ್ಟಿಮೋರಿನ ಈ ಕಟ್ಟಡದಲ್ಲಿ ಎಲ್ಲೋ ಇದ್ದೀತು,
ಹತ್ತೊಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಮಾರ್ಚ್ ತಿಂಗಳ ಮಂಗಳವಾರ,
ಊಟಕ್ಕೆ ಹತ್ತೇ ನಿಮಿಷವಿದ್ದಾಗ,
ಒಡೆಸ್ಸಾ ಪ್ರೂಯಿಟ್ ತನ್ನ ಮನೆಯನ್ನು
ಟೆರೆನ್ಸ್ ವೀಕ್ಲಿ ಎಂಬವನಿಗೆ ಹತ್ತು ಡಾಲರಿಗೆ ಕೊಟ್ಟಳು.
ಆಕೆ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.
ಸಹಿ ನೆಟ್ಟಗಿತ್ತು, ಮಗ್ಗಿ ಒಪ್ಪಿಸಲು ನಿಂತ ಹುಡುಗಿಯ ಹಾಗೆ.
ಠಪ್ಪೆಂದು ಒತ್ತಿದೆ.
‘ಮುಂದಿನವರು ಬನ್ನಿ.’

ಕೋರ್ಟಿನಲ್ಲಿ ತಂಗಿಯ ಮಗಳು ಲೂರ್ಲೀನ್
ಒಂದು ಹುಟ್ಟುಹಬ್ಬದ ಕಾರ್ಡು ತೋರಿಸಿದಳು:
ಸಂಧಿವಾತದ ಬೆರಳು ಎಳೆದ ಹೆಸರು
ಗೆರೆ ಬಿಟ್ಟು ಜಾರಿ, ಕೇಕಿನ ಚಿತ್ರದೊಳಗೆ ಹೋಗಿ ಕೂತಿತ್ತು.
ಶನಿವಾರ ಶನಿವಾರ ಅಮೃತಶಿಲೆಯ ಮೂರು ಮೆಟ್ಟಿಲು
ಮಂಡಿಯೂರಿ ಉಜ್ಜುತ್ತಿದ್ದಳಂತೆ; ನಡುವಿನದು
ಬಟ್ಟಲಿನ ಹಾಗೆ ಸವೆದಿದೆಯಂತೆ.
ಅದೂ ಒಂದು ಸಹಿ ಎಂದಳು. ವಕೀಲ ಆಕ್ಷೇಪಿಸಿದ.

ವೀಕ್ಲಿಯಿಂದ ಮನೆ ಕೊಂಡ ನರ್ಸ್ ಹುಡುಗಿ ಹಿಂದಿನ ಬೆಂಚಿನಲ್ಲಿ;
ಉಳಿತಾಯವೆಲ್ಲ ಸುರಿದು ಅಡುಗೆಮನೆಗೆ ಹಳದಿ ಬಳಿಸಿದ್ದಳು.
ಆಕೆಯ ಕಡೆ ಯಾರೂ ತಿರುಗಲಿಲ್ಲ. ನಾನೂ.

‘ಈ ಮೊಹರು ನಿಮ್ಮದೇ?’
‘ನನ್ನದೇ.’
‘ಕಾಗದದಲ್ಲಿ ಏನಾದರೂ ದೋಷ ಕಂಡಿತ್ತೆ?’
‘ಇಲ್ಲ. ಅಷ್ಟು ಚೊಕ್ಕ ಕಾಗದ ಬರುವುದೇ ಅಪರೂಪ.’
ಯಾರೋ ನಕ್ಕರು.

ಖೊಟ್ಟಿ ಸಹಿಗೆ ಮೂರು ವರ್ಷ, ಖೊಟ್ಟಿ ದಾಖಲೆಗೆ ಎರಡು,
ಒಂದರ ಬೆನ್ನಿಗೊಂದು. ನೋಟರಿಗೆ ಆರು ತಿಂಗಳು.
ವೀಕ್ಲಿ ಬೆರಳು ಮಡಚಿ ಲೆಕ್ಕ ಹಾಕಿದ.
ಅಂಚು ಅಳೆದವಳಿಗೆ ಬಸ್ ಚಾರ್ಜು ಕೊಟ್ಟು ಕಳಿಸಿದರು.

ಪುಸ್ತಕದಿಂದ ಹಾಳೆ ಹರಿಯುವಂತಿಲ್ಲ.
ಸುಳ್ಳು ತನ್ನ ಪುಟದಲ್ಲೇ ಇರುತ್ತದೆ, ನನ್ನ ಮೊಹರು ಹೊದ್ದು;
ಅದು ಸುಳ್ಳೆಂಬ ಆದೇಶ
ಎಲ್ಲೋ ಸಾವಿರ ಪುಟದಾಚೆ ಬಂದು ಸೇರಬೇಕು.
ಗುರುವಾರ ಬಂತು, ನನ್ನ ಕಿಟಕಿಗೇ, ಲೂರ್ಲೀನಳ ಕೈಯಲ್ಲಿ.
ನ್ಯಾಯಾಧೀಶರ ಸಹಿ ಇತ್ತು, ಶುಲ್ಕ ಇತ್ತು.
ಮೇಲಂಚು ಎರಡೂಮುಕ್ಕಾಲು.

ಅವಳು ನನ್ನ ಅಳತೆಪಟ್ಟಿಯನ್ನೇ ನೋಡುತ್ತಿದ್ದಳು.
ಇಲ್ಲದ ಕಾಲಿಂಚಿನ ಮೇಲೆ ಹೆಬ್ಬೆರಳು ಇಟ್ಟೆ.
ಇಟ್ಟುಕೊಂಡೇ ಒತ್ತಿದೆ.